ತಲಕಾಡಿನಲ್ಲಿ ಶಾಪ ಮೊದಲೋ, ಮರಳು ಮೊದಲೋ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ತಲಕಾಡಿನ ಪಕ್ಕದ ಹಳ್ಳಿ. ನಾನು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಿನ ಶಾಲೆಯ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ತಲಕಾಡಿನ ಚರಿತ್ರೆ ಬಗ್ಗೆ ಮಕ್ಕಳಿಗೆ ಒಂದು ಪುಟ್ಟ ಪುಸ್ತಕ ಮಾಡುತ್ತಿದ್ದೇವೆ. ಅಲಮೇಲಮ್ಮನ ಶಾಪದ ವಿಷಯಕ್ಕೆ ಬಂದಾಗ ಜಗಳ ಶುರುವಾಯಿತು. ಹಿರಿಯರು ‘ಶಾಪದಿಂದಲೇ ಊರು ಮರಳಾಯಿತು ಅಂತ ಹಾಕಿ’ ಅನ್ನುತ್ತಾರೆ. ನನ್ನ ಗೆಳೆಯರು ‘ಇದೆಲ್ಲ ಮೂಢನಂಬಿಕೆ, ಪೂರ್ತಿ ತೆಗೆದುಬಿಡಿ’ ಅನ್ನುತ್ತಾರೆ. ‘ಶಾಪ ಸುಳ್ಳು ಅಂದರೆ ಆ ತಾಯಿಗೆ ಅವಮಾನ’ ಅಂತ ನಮ್ಮ ಅಜ್ಜಿ ಮುನಿಸಿಕೊಂಡಿದ್ದಾರೆ. ಮೈಸೂರು ಅರಸರಿಗೆ ಮಕ್ಕಳಾಗಲಿಲ್ಲ ಅನ್ನೋದು ಪೂರ್ತಿ ನಿಜವೇ? ಪಂಚಲಿಂಗ ದರ್ಶನ 12 ವರ್ಷಕ್ಕೊಮ್ಮೆ ಅಂತ ಬರೆಯಬಹುದಾ? ಮರಳಿನ ಕೆಳಗೆ 30 ಗುಡಿ ಇದ್ದರೆ ಯಾಕೆ ಅಗೆಯುತ್ತಿಲ್ಲ? ಇನ್ನೊಂದು ವಿಷಯ. ನಮ್ಮ ಚಿಕ್ಕಪ್ಪ ಕೊಟ್ಟಿಗೆಗೆ ಪಾಯ ತೆಗೆಸುವಾಗ ಅಕ್ಷರ ಇರುವ ಒಂದು ಕಲ್ಲು ಸಿಕ್ಕಿದೆ. ಅದನ್ನು ಏನು ಮಾಡಬೇಕು?

ಉತ್ತರ: ಪ್ರಶ್ನೆಗಳು ಹಲವು. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಅಜ್ಜಿಯ ಮುನಿಸು ಅಂತ ಕಾಣುತ್ತದೆ. ಶಾಪ ನಿಜ ಅಂತ ಅಚ್ಚು ಹಾಕಿದರೆ ಮಕ್ಕಳಿಗೆ ತಪ್ಪು ಹೇಳಿಕೊಟ್ಟ ಹಾಗೆ. ಸುಳ್ಳು ಅಂದರೆ ಮನೆಯಲ್ಲಿ ಮುಖ ಎತ್ತುವ ಹಾಗಿಲ್ಲ. ಶಾಸನ, ಸ್ಥಳಪುರಾಣ ಅಂತ ಊರೂರು ತಿರುಗುವ ನಮ್ಮಂಥವರಿಗೆ ಈ ಇಕ್ಕಟ್ಟು ಹೊಸದಲ್ಲ. ಪ್ರತಿ ಕ್ಷೇತ್ರದಲ್ಲೂ ಇಂಥದ್ದೊಂದು ಕಥೆ ಇರುತ್ತದೆ, ಅದಕ್ಕಾಗಿ ಮುನಿಸಿಕೊಳ್ಳುವ ಒಬ್ಬ ಅಜ್ಜಿಯೂ ಇರುತ್ತಾರೆ.

ಮೊದಲು ಕಥೆಯನ್ನೇ ನೋಡೋಣ. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣ ಆಳುತ್ತಿದ್ದ ತಿರುಮಲರಾಜನಿಗೆ ಬೆನ್ನುಫಣಿ, ಅಂದರೆ ಬೆನ್ನಿನ ಮೇಲೆ ಕೆಟ್ಟ ಹುಣ್ಣು ಆಯಿತು. ವಾಸಿಯಾಗಲಿ ಅಂತ ತಲಕಾಡಿನ ವೈದ್ಯನಾಥೇಶ್ವರನ ಸನ್ನಿಧಿಗೆ ಬಂದ. ಅತ್ತ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ಕೈಗೆ ಹೋಯಿತು. ತಿರುಮಲರಾಜನ ರಾಣಿ ಅಲಮೇಲಮ್ಮನ ಹತ್ತಿರ ಒಡವೆಗಳಿದ್ದವು. ಹಬ್ಬ ಹರಿದಿನಗಳಲ್ಲಿ, ಶುಕ್ರವಾರದ ಪೂಜೆಯಲ್ಲಿ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು ಅವು. ಅದನ್ನು ಕೇಳಿಕೊಂಡು ಮೈಸೂರಿನವರು ಬಂದರು. ಆಕೆ ಮುತ್ತಿನ ಮೂಗುತಿ ಒಂದನ್ನು ಕೊಟ್ಟಳು. ಉಳಿದದ್ದಕ್ಕೂ ಬಲವಂತ ಮಾಡಿದಾಗ ಮಾಲಂಗಿಯ ಹತ್ತಿರ ಕಾವೇರಿಗೆ ಹಾರಿದಳು. ಹಾರುವ ಮುಂಚೆ ಆಡಿದ ಮಾತು ನಿಮ್ಮೂರಿನ ಮಕ್ಕಳಿಗೂ ಬಾಯಿಗೆ ಬರುತ್ತದೆ: ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದೇ ಹೋಗಲಿ.’

ಇದರಲ್ಲಿ ಚರಿತ್ರೆಗೆ ಸಿಗುವ ಗಟ್ಟಿ ಕಾಳುಗಳು ಇವೆ. ರಾಜ ಒಡೆಯರು ಶ್ರೀರಂಗಪಟ್ಟಣಕ್ಕೆ ಬಂದದ್ದು 1610ರಲ್ಲಿ. ಅದೇ ವರ್ಷ ಅಲ್ಲಿ ದಸರಾ ಶುರು ಮಾಡಿದರು. ತಿರುಮಲರಾಜ ನಿಜವಾಗಿ ಇದ್ದವನು, ವಿಜಯನಗರದ ಅರಸ ವೆಂಕಟಪತಿರಾಯನ ಅಣ್ಣನ ಮಗ. ಅವನು ಕಾಯಿಲೆಯಿಂದ ತಾನೇ ಪಟ್ಟಣ ಒಪ್ಪಿಸಿ ಹೋದನೋ, ಸೋತು ಹೊರಟನೋ ಅನ್ನುವಲ್ಲಿ ಭಿನ್ನಾಭಿಪ್ರಾಯ ಇದೆ. ಗೆದ್ದವರ ಕಡೆಯ ಬರಹದಲ್ಲಿ ಒಪ್ಪಿಸಿ ಹೋದ ಅಂತ ಇರುವುದು ಸಹಜ, ಅಲ್ವಾ?

ಆದರೆ ಒಂದು ಕಡೆ ಕಥೆಯ ಕಾಲ ಕೈ ಕೊಡುತ್ತದೆ. ಹಳೆಯ ಮೈಸೂರು ಗ್ಯಾಸೆಟಿಯರ್ ಪ್ರಕಾರ ತಲಕಾಡು ಮೈಸೂರಿನ ವಶವಾದದ್ದು 1634ರಲ್ಲಿ. ಹಾಗೆ ಹೇಳಿ ಅದು ಇದೇ ಶಾಪದ ಪ್ರಸಂಗವನ್ನು ಅದಕ್ಕೆ ಜೋಡಿಸುತ್ತದೆ. ರಾಜ ಒಡೆಯರು ತೀರಿಕೊಂಡದ್ದು 1617ರಲ್ಲಿ. ಅಂದರೆ ಶ್ರೀರಂಗಪಟ್ಟಣ ಕೈಬದಲಾದದ್ದು, ತಲಕಾಡು ಕೈಬದಲಾದದ್ದು ಬೇರೆ ಬೇರೆ ಕಾಲದ ಘಟನೆಗಳು. ಜನರ ನೆನಪಿನಲ್ಲಿ ಎರಡೂ ಬೆರೆತು ಒಂದೇ ರಾತ್ರಿಯ ಕಥೆಯಾಗಿದೆ. ಬಾಯಿಂದ ಬಾಯಿಗೆ ಬಂದ ಕಥೆಗಳಲ್ಲಿ ಇದು ಆಗುತ್ತಲೇ ಇರುತ್ತದೆ, ಯಾರೂ ಬೇಕಂತ ಮಾಡಿದ್ದಲ್ಲ.

ಈಗ ಮರಳಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಪುಸ್ತಕದ ಜೀವ ಇಲ್ಲೇ ಇದೆ.

ಮುಡುಕುತೊರೆ ಬೆಟ್ಟದ ಮೇಲೆ ನಿಂತು ಹೊಳೆ ನೋಡಿದ್ದೀರಲ್ಲ? ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಸಿಕೊಂಡು ಬರುವ ಕಾವೇರಿ ತಲಕಾಡಿನ ಹತ್ತಿರ ದೊಡ್ಡದಾಗಿ ಬಳಸಿ ತಿರುಗುತ್ತದೆ. ಯಾವ ಹೊಳೆಯೇ ಆಗಲಿ, ತಿರುವಿನಲ್ಲಿ ಎರಡು ಕೆಲಸ ಮಾಡುತ್ತದೆ. ಹೊರಗಿನ ದಡಕ್ಕೆ ನೀರು ರಭಸವಾಗಿ ಬಡಿಯುತ್ತದೆ. ಅಲ್ಲಿ ತಳ ಕೊರೆದು ಆಳವಾಗುತ್ತದೆ. ಒಳಗಿನ ದಡದಲ್ಲಿ ನೀರಿನ ಓಟ ನಿಧಾನ. ಹೊತ್ತು ತಂದ ಮರಳನ್ನು ಅಲ್ಲಿ ಇಳಿಸಿ ಮುಂದೆ ಹೋಗುತ್ತದೆ. ತಲಕಾಡು ಇರುವುದು ಒಳಗಿನ ದಡದಲ್ಲಿ. ಮಾಲಂಗಿ ಇರುವುದು ಎದುರಿಗೆ.

ಈಗ ಶಾಪದ ಮೊದಲ ಎರಡು ಸಾಲು ಇನ್ನೊಮ್ಮೆ ಓದಿ. ಒಂದು ದಡ ಮರಳು, ಇನ್ನೊಂದು ದಡ ಮಡು. ಒಂದೇ ತಿರುವಿನ ಎರಡು ಬದಿಯನ್ನು ಆ ಮಾತು ಹಿಡಿದಿಟ್ಟಿದೆ. ಹೊಳೆಯನ್ನು ಕಣ್ಣಾರೆ ನೋಡಿ ಬದುಕಿದವರಲ್ಲದೆ ಬೇರೆಯವರು ಇದನ್ನು ಕಟ್ಟಿರಲಾರರು ಅನ್ನೋದು ನನ್ನ ಅಭಿಪ್ರಾಯ. ಅಜ್ಜಿಗೆ ಇದನ್ನು ಹೇಳಿ ನೋಡಿ. ಅವರ ಮುನಿಸು ಸ್ವಲ್ಪ ಇಳಿಯಬಹುದು.

ದಡದಲ್ಲಿ ಮರಳು ಬೀಳುವುದು ಸರಿ. ಅದು ಗುಡಿಯ ತಲೆಯ ಮೇಲೆ ಹತ್ತಿದ್ದು ಹೇಗೆ? ಅದು ಗಾಳಿಯ ಕೆಲಸ. ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ, ಅಂದರೆ ಹೊಳೆಯ ಕಡೆಯಿಂದ ಊರಿನ ಕಡೆಗೆ. ಬೇಸಿಗೆ ಮುಗಿಯುವ ಹೊತ್ತಿಗೆ ಹೊಳೆಯ ಪಾತ್ರ ಒಣಗಿ ಮರಳು ಬಯಲಾಗಿರುತ್ತದೆ. ಪ್ರವಾಹ ಬರುವ ಮುಂಚೆಯೇ ಗಾಳಿ ಜೋರಾಗುತ್ತದೆ. ಒಣಮರಳು ಎದ್ದು ಊರಿನ ಮೇಲೆ ಬಂದು ಕೂರುತ್ತದೆ. 19ನೇ ಶತಮಾನದ ಕೊನೆಯ ಗ್ಯಾಸೆಟಿಯರ್‌ನಲ್ಲಿ ಇದರ ಲೆಕ್ಕವೂ ಇದೆ. ಮರಳದಿಬ್ಬಗಳು ವರ್ಷಕ್ಕೆ 9–10 ಅಡಿ ಮುಂದೆ ಬರುತ್ತಿದ್ದವು, ಅದೂ ಮುಖ್ಯವಾಗಿ ನೈಋತ್ಯ ಮುಂಗಾರಿನಲ್ಲಿ. ಜನ ಮನೆ ಬಿಟ್ಟು ಮತ್ತೆ ಮತ್ತೆ ಹಿಂದಕ್ಕೆ ಸರಿಯುತ್ತಿದ್ದರು. ಹಾಗಾಗಿ ಊರು ಒಂದು ದಿನದಲ್ಲಿ ಮುಚ್ಚಿಹೋಯಿತು ಅಂತ ದಯವಿಟ್ಟು ಬರೆಯಬೇಡಿ. ತಲೆಮಾರುಗಟ್ಟಲೆ ನಡೆದ ಕಥೆ ಇದು.

ಮಕ್ಕಳಿಗೆ ಒಂದು ಕೆಲಸ ಕೊಡಿ. ಹೊಳೆಯ ಪಾತ್ರದಿಂದ ಒಂದು ಹಿಡಿ, ಪಾತಾಳೇಶ್ವರನ ಗುಡಿಗೆ ಹೋಗುವ ದಾರಿಯ ದಿಬ್ಬದಿಂದ ಒಂದು ಹಿಡಿ ಮರಳು ತಂದು ಬಿಳಿ ಹಾಳೆಯ ಮೇಲೆ ಹರಡಲಿ. ಹೊಳೆಯದ್ದರಲ್ಲಿ ದಪ್ಪ ಕಾಳು, ಸಣ್ಣ ಕಾಳು, ನುಣ್ಣನೆ ಹರಳು, ಕೆಸರು ಎಲ್ಲ ಬೆರೆತಿರುತ್ತದೆ. ದಿಬ್ಬದ್ದು ಹೆಚ್ಚುಕಡಿಮೆ ಒಂದೇ ಗಾತ್ರ. ಗಾಳಿ ಹೊರುವುದು ತನ್ನ ಕೈಲಾದಷ್ಟನ್ನೇ. ದಪ್ಪ ಕಲ್ಲನ್ನು ಅದು ಬಿಟ್ಟು ಬರುತ್ತದೆ. ಪ್ರವಾಹ ತಂದಿದ್ದರೆ ಗುಡಿಯ ಸುತ್ತ ಮಣ್ಣು, ಗೋಡು ಸಿಗಬೇಕಿತ್ತು. ಇದನ್ನು ಒಂದು ಮಗು ಭೂತಗನ್ನಡಿಯಲ್ಲಿ ನೋಡಿದರೆ ಸಾಕು, ನೀವು ಎರಡು ಪುಟ ಬರೆಯುವುದು ಉಳಿಯುತ್ತದೆ.

ಹಾಗಾದರೆ ತಲಕಾಡನ್ನು ರಾಜಧಾನಿ ಮಾಡಿಕೊಂಡಿದ್ದ ಗಂಗರ ಕಾಲದಲ್ಲಿ ಈ ಕಾಟ ಇರಲಿಲ್ಲವೇ? ಇಲ್ಲಿ ಒಂದು ಕಟ್ಟೆಯ ಹೆಸರು ಬರುತ್ತದೆ. 14ನೇ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿ ಕಾವೇರಿಗೆ ಅಡ್ಡ ಕಟ್ಟೆ ಕಟ್ಟಿಸಿದ. ನಿಮ್ಮ ಕಡೆಯ ಗದ್ದೆಗಳು ಇವತ್ತಿಗೂ ಆ ನಾಲೆಯ ನೀರು ಕುಡಿಯುತ್ತಿವೆ. ಕಟ್ಟೆಯಲ್ಲಿ ನೀರು ನಿಂತು ನಾಲೆಗೆ ತಿರುಗಿದ ಮೇಲೆ ಕೆಳಗಿನ ಪಾತ್ರದಲ್ಲಿ ನೀರು ಕಡಿಮೆಯಾಯಿತು. ಹೆಚ್ಚು ಮರಳು ಹೆಚ್ಚು ದಿನ ಬಿಸಿಲಿಗೆ ಬಿತ್ತು. ಗಾಳಿಗೆ ಅಷ್ಟೇ ಸಾಕಾಯಿತು. ತಲಕಾಡಿನ ಮರಳಿನ ಬಗ್ಗೆ ಕೆಲಸ ಮಾಡಿದ ವಿದ್ವಾಂಸರು ಈ ಕಟ್ಟೆಯನ್ನು ಮುಖ್ಯ ಕಾರಣವಾಗಿ ತೋರಿಸುತ್ತಾರೆ. ಭೂವಿಜ್ಞಾನಿಗಳು ಇದರ ಜೊತೆಗೆ ಹೊಳೆಯ ತಿರುವು, ನೆಲದ ಏರಿಳಿತವನ್ನೂ ಸೇರಿಸುತ್ತಾರೆ. ನನಗೂ ಕಟ್ಟೆಯೊಂದೇ ಕಾರಣ ಅನ್ನಿಸುವುದಿಲ್ಲ. ತಿರುವು ಇಲ್ಲದಿದ್ದರೆ ಅಷ್ಟು ಮರಳು ಇರುತ್ತಿರಲಿಲ್ಲ. ಗಾಳಿಯ ದಿಕ್ಕು ಬೇರೆ ಇದ್ದಿದ್ದರೆ ಮರಳು ಊರಿಗೆ ಬರುತ್ತಿರಲಿಲ್ಲ.

ಕಾಲ ಲೆಕ್ಕ ಹಾಕಿ: ಕಟ್ಟೆ 14ನೇ ಶತಮಾನದ್ದು, ಶಾಪ 17ನೇ ಶತಮಾನದ್ದು. ಮರಳು ಏರಲು ಕಾರಣಗಳು ಅಲಮೇಲಮ್ಮ ಹುಟ್ಟುವ ಎಷ್ಟೋ ಮುಂಚೆಯೇ ಕೂಡಿಬಂದಿದ್ದವು. ಊರು ಮುಳುಗುತ್ತಿರುವುದನ್ನು ಜನ ನೋಡುತ್ತಿದ್ದರು. ಅದಕ್ಕೆ ಒಂದು ಕಾರಣ ಬೇಕಿತ್ತು. ಒಬ್ಬ ಹೆಂಗಸಿಗೆ ಅನ್ಯಾಯವಾದ ಸುದ್ದಿ ಬಂತು. ಎರಡೂ ಕೂಡಿಕೊಂಡವು. ನಮ್ಮ ಊರುಗಳಲ್ಲಿ ಅನ್ಯಾಯದ ನೆನಪು ಉಳಿಯುವುದು ಹೆಚ್ಚಾಗಿ ಹೀಗೇ, ಯಾಕೆಂದರೆ ಸೋತವರ ಪರವಾಗಿ ಶಾಸನ ಹಾಕಿಸುವವರು ಯಾರೂ ಇರುವುದಿಲ್ಲ.

ಗೆದ್ದವರ ಶಾಸನಗಳಿಗೆ ಮಾತ್ರ ತಲಕಾಡಿನಲ್ಲಿ ಬರವಿಲ್ಲ. ಗಂಗರು ಮೊದಲು ಕೋಲಾರದಿಂದ ಆಳುತ್ತಿದ್ದರು, ಆಮೇಲೆ ತಲಕಾಡು ಅವರ ರಾಜಧಾನಿಯಾಯಿತು. ಸುಮಾರು 1004ರಲ್ಲಿ ಚೋಳರು ಅದನ್ನು ಗೆದ್ದು ರಾಜರಾಜಪುರ ಅಂತ ಹೆಸರಿಟ್ಟರು. 1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಓಡಿಸಿದ. ಅದರಲ್ಲಿ ದಂಡನಾಯಕ ಗಂಗರಾಜನ ಪಾತ್ರ ದೊಡ್ಡದು. ಗೆದ್ದ ಖುಷಿಗೆ ವಿಷ್ಣುವರ್ಧನ ಕೀರ್ತಿನಾರಾಯಣ ಗುಡಿ ಕಟ್ಟಿಸಿದ. ಅಷ್ಟಕ್ಕೇ ನಿಲ್ಲಿಸದೆ ಚಿನ್ನದ ನಾಣ್ಯದ ಮೇಲೂ ಕನ್ನಡ ಅಕ್ಷರದಲ್ಲಿ ‘ಶ್ರೀ ತಲಕಾಡುಗೊಂಡ’ ಅಂತ ಹಾಕಿಸಿದ. ಈ ನಾಣ್ಯದ ಚಿತ್ರ ನಿಮ್ಮ ಪುಸ್ತಕದಲ್ಲಿ ಇರಲೇಬೇಕು. ನಮ್ಮೂರಿನ ಹೆಸರು ರಾಜನ ಬಿರುದಾಗಿ ಚಿನ್ನದ ಮೇಲೆ ಕೂತಿತ್ತು ಅಂದರೆ ಶಾಲೆಯ ಮಕ್ಕಳಿಗೆ ಎಷ್ಟು ಜಂಬ ಬರಬಹುದು ಯೋಚಿಸಿ. ಶಾಪದ ಗದ್ದಲದಲ್ಲಿ ಈ 600–700 ವರ್ಷದ ವೈಭವವನ್ನೇ ಜನ ಮರೆತಿದ್ದಾರೆ ಅನ್ನೋದು ನನ್ನ ಹಳೇ ದೂರು.

ಇನ್ನು ಮೂರನೇ ಸಾಲು, ದೊರೆಗೆ ಮಕ್ಕಳಾಗದಿರಲಿ ಅನ್ನೋದು. ಇದನ್ನು ವಂಶಾವಳಿ ಹಿಡಿದು ನೋಡಬಹುದು, ಕಷ್ಟವೇನಿಲ್ಲ. ಚಿಕ್ಕದೇವರಾಜ ಒಡೆಯರು 1704ರವರೆಗೆ ಆಳಿದರು. ಅವರ ನಂತರ ಮಗ ಕಂಠೀರವ ನರಸರಾಜ, ಅವರ ನಂತರ ಅವರ ಮಗ ಕೃಷ್ಣರಾಜ. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಪಟ್ಟ ನೇರವಾಗಿ ಇಳಿದಿದೆ. ಇದೆಲ್ಲ ಶಾಪದ ನಂತರದ್ದೇ. ಆದರೆ ಅಜ್ಜಿಯ ಕಡೆಯ ವಾದಕ್ಕೂ ಬಲ ಇದೆ. 1732ರಲ್ಲಿ ಆ ಕೃಷ್ಣರಾಜರು ಮಕ್ಕಳಿಲ್ಲದೆ ತೀರಿಕೊಂಡರು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜ ಒಡೆಯರನ್ನು ದತ್ತು ತೆಗೆದುಕೊಂಡರು. ಆ ಚಾಮರಾಜರಿಗೆ ಮಕ್ಕಳಾದರು, ಅವರಲ್ಲೊಬ್ಬರು ನಾಲ್ವಡಿಯವರು. ನಾಲ್ವಡಿಯವರಿಗೆ ಮಕ್ಕಳಿಲ್ಲ, ಹಾಗಾಗಿ ತಮ್ಮನ ಮಗ ಜಯಚಾಮರಾಜರಿಗೆ 1940ರಲ್ಲಿ ಪಟ್ಟವಾಯಿತು. ಅವರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. 2015ರಲ್ಲಿ ಅವರ ಪತ್ನಿ ಪ್ರಮೋದಾದೇವಿ ಯದುವೀರರನ್ನು ದತ್ತು ತೆಗೆದುಕೊಂಡರು. ಯದುವೀರರಿಗೆ 2017ರ ಡಿಸೆಂಬರ್‌ನಲ್ಲಿ ಗಂಡುಮಗು ಹುಟ್ಟಿತು.

‘ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ತಟ್ಟುತ್ತದೆ’ ಅಂತ ಈಗ ಹೇಳುತ್ತಾರಲ್ಲ, ಅದು ಇತ್ತೀಚಿನ ಕೆಲವು ತಲೆಮಾರಿಗೆ ಹೊಂದುತ್ತದೆ, ಚಿಕ್ಕದೇವರಾಜರ ಮನೆತನಕ್ಕೆ ಹೊಂದುವುದಿಲ್ಲ. 18ನೇ ಶತಮಾನದಲ್ಲಿ ಪಟ್ಟಕ್ಕೆ ಯಾರು ಬರಬೇಕು ಅಂತ ತೀರ್ಮಾನಿಸುತ್ತಿದ್ದವರು ದಳವಾಯಿಗಳು, ಆಮೇಲೆ ಹೈದರ್. ದತ್ತು ಬಂದ ಕಡೆಯೆಲ್ಲ ಶಾಪ ಹುಡುಕಿದರೆ ಆ ರಾಜಕೀಯ ಕಣ್ಣಿಗೆ ಬೀಳುವುದಿಲ್ಲ. ಇಷ್ಟಾದರೂ ಅರಮನೆಯವರೇ ಈ ಕಥೆಯನ್ನು ತಳ್ಳಿಹಾಕಿಲ್ಲ. ಅಲಮೇಲಮ್ಮನಿಗೆ ಅಲ್ಲಿ ಇಂದಿಗೂ ಪೂಜೆ ಸಲ್ಲುತ್ತದೆ. ಇದನ್ನು ಖಂಡಿತ ಬರೆಯಿರಿ. ಗೆದ್ದವರ ಮನೆಯಲ್ಲಿ ಸೋತವಳಿಗೆ ಪೂಜೆ ನಡೆಯುವುದು ಶಾಪದಷ್ಟೇ ದೊಡ್ಡ ಸಂಗತಿ.

ಪಂಚಲಿಂಗ ದರ್ಶನದ ಲೆಕ್ಕ ಸುಲಭ. 12 ವರ್ಷಕ್ಕೊಮ್ಮೆ ಅಂತ ಬರೆಯಬೇಡಿ. ಈಚೆಗೆ ನಡೆದದ್ದು 1993, 2006, 2009, 2013, 2020ರಲ್ಲಿ. ನಡುವಿನ ಅಂತರ 13, 3, 4, 7 ವರ್ಷ. ಕಾರ್ತಿಕ ಮಾಸದ ಸೋಮವಾರ, ಅಮಾವಾಸ್ಯೆ, ವಿಶಾಖ ನಕ್ಷತ್ರ ಎಲ್ಲ ಕೂಡಿ ಬರಬೇಕು. ಅದು ಪಂಚಾಂಗ ನೋಡಿ ತೀರ್ಮಾನ ಆಗುವ ವಿಷಯ, ವರ್ಷ ಎಣಿಸಿದರೆ ಸಿಗುವುದಿಲ್ಲ. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಈ ಐದರ ಹೆಸರು ಹಾಕಿ. ಜೊತೆಗೆ ತಲ ಮತ್ತು ಕಾಡ ಅನ್ನುವ ಇಬ್ಬರು ಬೇಡರ ಕಥೆಯನ್ನೂ ಹಾಕಿ. ಕಾಡಾನೆಗಳು ಪೂಜಿಸುತ್ತಿದ್ದ ಬೂರುಗದ ಮರಕ್ಕೆ ಅವರು ಕೊಡಲಿ ಹಾಕಿದಾಗ ರಕ್ತ ಬಂತು, ಅದೇ ಮರದ ಎಲೆ, ಕಾಯಿಯಿಂದ ಗಾಯ ವಾಸಿ ಮಾಡಲು ಅಶರೀರವಾಣಿ ಹೇಳಿತು ಅನ್ನುವ ಕಥೆ. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವ ವೈದ್ಯನಾಥನಾದ. ಮಕ್ಕಳಿಗೆ ಶಾಪಕ್ಕಿಂತ ಇದೇ ಜಾಸ್ತಿ ಇಷ್ಟವಾಗುತ್ತದೆ ನೋಡಿ.

ಪುಸ್ತಕದಲ್ಲಿ ಶಾಪವನ್ನು ಏನು ಮಾಡಬೇಕು? ಹಿರಿಯರು ಹೇಳಿದ ಹಾಗೆ ‘ಶಾಪದಿಂದ ಮರಳಾಯಿತು’ ಅಂತ ಬರೆದರೆ ನಾಳೆ ಭೂಗೋಳದ ಪಾಠದಲ್ಲಿ ಹೊಳೆಯ ತಿರುವು ಓದುವ ಮಗು ನಿಮ್ಮ ಪುಸ್ತಕವನ್ನು ನಂಬುವುದಿಲ್ಲ. ನಿಜವಾಗಿ ಇರುವ ಒಂದು ಮನೆತನದವರಿಗೆ ಮಕ್ಕಳಾಗದಿರುವುದನ್ನು ಅಚ್ಚಿನಲ್ಲಿ ಸಾಬೀತಾದ ಶಿಕ್ಷೆ ಅಂತ ಹಾಕುವುದು ಸಭ್ಯತೆಯೂ ಅಲ್ಲ. ಮಕ್ಕಳಿಲ್ಲದ ದಂಪತಿ ನಿಮ್ಮೂರಲ್ಲೂ ಇರುತ್ತಾರೆ, ಅವರೂ ಓದುತ್ತಾರೆ. ಗೆಳೆಯರು ಹೇಳಿದ ಹಾಗೆ ಪೂರ್ತಿ ತೆಗೆದರೆ ಅಲಮೇಲಮ್ಮನೇ ಇಲ್ಲವಾಗುತ್ತಾಳೆ. ಕಥೆ ಮಾತ್ರ ಎಲ್ಲೂ ಹೋಗುವುದಿಲ್ಲ. ಮೊಬೈಲಿನಲ್ಲಿ ಇನ್ನಷ್ಟು ಮಸಾಲೆ ಹಚ್ಚಿಕೊಂಡು ಅದೇ ಮಕ್ಕಳ ಕೈಗೆ ಬರುತ್ತದೆ.

ನಾನಾದರೆ ಎರಡನ್ನೂ ಹಾಕುತ್ತೇನೆ, ಆದರೆ ಬೇರೆ ಬೇರೆ ಪುಟದಲ್ಲಿ. ಒಂದು ಪುಟ ಪೂರ್ತಿ ಅಜ್ಜಿಯದ್ದು. ಅವರು ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆದುಕೊಳ್ಳಿ, ‘ನಮ್ಮ ಹಿರಿಯರು ಹೀಗೆ ಹೇಳುತ್ತಾರೆ’ ಅಂತ ಶುರು ಮಾಡಿ. ಎದುರು ಪುಟದಲ್ಲಿ ಹೊಳೆಯ ತಿರುವಿನ ನಕ್ಷೆ, ಗಾಳಿಯ ದಿಕ್ಕು, ಕಟ್ಟೆ, ಇಸವಿಗಳು. ಯಾವುದು ಸರಿ ಅಂತ ತೀರ್ಪು ಕೊಡಲು ಹೋಗಬೇಡಿ, ಎರಡು ಪುಟ ಒಟ್ಟಿಗೆ ತೆರೆದಿಟ್ಟರೆ ಮಕ್ಕಳು ತಾವೇ ಕೇಳುತ್ತಾರೆ. ಇದರಲ್ಲೂ ಅಪಾಯ ಇಲ್ಲದಿಲ್ಲ. ಎರಡು ಕಡೆಯವರೂ ‘ನಮ್ಮದನ್ನು ದೊಡ್ಡದಾಗಿ ಹಾಕಲಿಲ್ಲ’ ಅಂತ ಬೈಯುತ್ತಾರೆ. ಅದಕ್ಕೆ ಸಿದ್ಧರಾಗಿರಿ. ಅಚ್ಚಿಗೆ ಕೊಡುವ ಮುಂಚೆ ಅಜ್ಜಿಯ ಪುಟವನ್ನು ಅವರಿಗೆ ಓದಿ ಹೇಳಿ, ತಪ್ಪಿದ್ದರೆ ಅವರೇ ತಿದ್ದಲಿ.

ಅಗೆಯುವ ಪ್ರಶ್ನೆಗೆ ಬರೋಣ. 30ಕ್ಕೂ ಹೆಚ್ಚು ಗುಡಿ ಮರಳಿನಡಿ ಇವೆ ಅನ್ನುವುದು ಗ್ಯಾಸೆಟಿಯರ್‌ನಲ್ಲೂ ‘ಹಾಗೆ ಹೇಳುತ್ತಾರೆ’ ಅಂತಲೇ ಇದೆ. ನೀವೂ ಹಾಗೇ ಬರೆಯಿರಿ. 1990ರ ದಶಕದಲ್ಲಿ ಪುರಾತತ್ವದವರು ಉತ್ಖನನ ಮಾಡಿದ್ದಾರೆ, ಯಾರೂ ಸುಮ್ನೆ ಕೂತಿಲ್ಲ. ಆದರೆ ಪೂರ್ತಿ ಮರಳು ತೆಗೆಯುವುದು ಒಳ್ಳೆಯದೇ ಅನ್ನುವುದರಲ್ಲಿ ನನಗೆ ಅನುಮಾನ ಇದೆ. ಮರಳು ಮುಚ್ಚಿರುವ ತನಕ ಕಲ್ಲಿಗೆ ಬಿಸಿಲು, ಮಳೆ, ಕಳ್ಳರ ಕಾಟ ಇಲ್ಲ. ತೆಗೆದ ಮೇಲೆ ಸುತ್ತ ಗೋಡೆ ಕಟ್ಟಬೇಕು, ತಗ್ಗಿನಲ್ಲಿ ನಿಲ್ಲುವ ಮಳೆನೀರು ಹೊರಹಾಕಬೇಕು, ಗಾಳಿ ಮತ್ತೆ ತಂದು ಸುರಿಯುವುದನ್ನು ವರ್ಷ ವರ್ಷ ಎತ್ತಬೇಕು. ಪಾತಾಳೇಶ್ವರನಿಗೆ, ಮರಳೇಶ್ವರನಿಗೆ ಮೆಟ್ಟಿಲು ಇಳಿದು ಹೋಗುವಾಗ ಎರಡೂ ಪಕ್ಕ ಮರಳನ್ನು ತಡೆದು ನಿಲ್ಲಿಸಿರುವ ಗೋಡೆ ನೋಡಿದ್ದೀರಲ್ಲ, ಅಷ್ಟು ಕೆಲಸ ಪ್ರತಿ ಗುಡಿಗೂ ಬೇಕು. ದಿಬ್ಬದ ಮೇಲೆ ನೆಟ್ಟಿರುವ ನೀಲಗಿರಿ ಮರಗಳು ಬೇರಿನಲ್ಲಿ ಮರಳನ್ನು ಹಿಡಿದುಕೊಂಡಿವೆ. ಅವನ್ನು ಕಿತ್ತರೆ ಈಗಿನ ಊರಿಗೇ ಮರಳು ಬರಬಹುದು. ಊರಿನ ಹುಡುಗರು ಸೇರಿ ಸ್ವಂತವಾಗಿ ಅಗೆಯುವ ಯೋಚನೆ ಇದ್ದರೆ ಈಗಲೇ ಬಿಡಿ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಕಾನೂನು ಬಿಡಿ, ಒಣಮರಳಿನ ಗುಂಡಿ ಒಳಗಿದ್ದವರ ಮೇಲೆ ಕುಸಿಯಲು ಒಂದು ಕ್ಷಣ ಸಾಕು.

ಕೊನೆಗೆ ಚಿಕ್ಕಪ್ಪನ ಕಲ್ಲು. ಇದು ಎಲ್ಲಕ್ಕಿಂತ ತುರ್ತು, ಹಾಗಾಗಿ ಇವತ್ತೇ ಫೋನ್ ಮಾಡಿ ಹೇಳಿ. ಕಲ್ಲನ್ನು ತೊಳೆಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ಅಕ್ಷರ ಕಾಣಲಿ ಅಂತ ಸುಣ್ಣ, ಬಣ್ಣ, ಅರಿಶಿನ ತುಂಬುವುದು ಯಾವುದೂ ಬೇಡ. ಸವೆದ ಅಕ್ಷರ ಒಮ್ಮೆ ಉಜ್ಜಿದರೆ ಹೋಯಿತು. ಸಿಕ್ಕ ಜಾಗದಿಂದ ಇನ್ನೂ ಎತ್ತಿಲ್ಲದಿದ್ದರೆ ಅಲ್ಲೇ ಇರಲಿ. ಎಷ್ಟು ಆಳದಲ್ಲಿ ಸಿಕ್ಕಿತು, ಯಾವ ಮುಖ ಮೇಲಿತ್ತು ಅನ್ನೋದೂ ಒಂದು ಮಾಹಿತಿ. ಸಂಜೆ ಓರೆ ಬಿಸಿಲಲ್ಲಿ, ಅಥವಾ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆಯಿರಿ, ಎದುರಿನಿಂದ ಫ್ಲ್ಯಾಶ್ ಹಾಕಿದರೆ ಅಕ್ಷರ ಮಾಯವಾಗುತ್ತದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟುಕೊಳ್ಳಿ. ಆಮೇಲೆ ತಹಶೀಲ್ದಾರರಿಗೆ, ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಕೊಟ್ಟು ನಕಲಿಗೆ ಸೀಲು ಹಾಕಿಸಿಕೊಳ್ಳಿ.

‘ತಿಳಿಸಿದರೆ ಜಾಗವೇ ಕಿತ್ತುಕೊಳ್ಳುತ್ತಾರೆ’ ಅಂತ ಚಿಕ್ಕಪ್ಪ ಹೆದರಬಹುದು. ಹಳ್ಳಿಗಳಲ್ಲಿ ನಾನು ಜಾಸ್ತಿ ಕೇಳುವ ಮಾತು ಇದು. ಒಂದು ಬಿಡಿ ಕಲ್ಲು ಸಿಕ್ಕ ಮಾತ್ರಕ್ಕೆ ಜಮೀನು ಹೋಗುವುದಿಲ್ಲ. ಹೆಚ್ಚೆಂದರೆ ಪರಿಶೀಲನೆ ಮುಗಿಯುವ ತನಕ ಕೊಟ್ಟಿಗೆ ಕೆಲಸ ಕೆಲವು ದಿನ ನಿಲ್ಲಬಹುದು. ಬಚ್ಚಿಟ್ಟರೆ ಅಪಾಯ ಜಾಸ್ತಿ. ನಿಧಿಯ ಬಗ್ಗೆ ಕರ್ನಾಟಕದ್ದೇ 1962ರ ಕಾಯ್ದೆ ಇದೆ, ಚಿನ್ನವೋ ನಾಣ್ಯವೋ ಜೊತೆಗೆ ಸಿಕ್ಕಿ ಮುಚ್ಚಿಟ್ಟರೆ ಕೇಸಾಗುತ್ತದೆ. ಕಲ್ಲಿನ ಮೇಲೆ ಅಕ್ಷರದ ಜೊತೆ ಕುದುರೆ ಸವಾರನೋ, ಕತ್ತಿ ಹಿಡಿದವನೋ ಇದ್ದರೆ ಅದು ವೀರಗಲ್ಲು ಇರಬಹುದು. ಸೂರ್ಯ, ಚಂದ್ರ, ಹಸು ಕರು ಇದ್ದರೆ ದಾನಶಾಸನ ಇರಬಹುದು. ಫೋಟೊ ನನಗೂ ಕಳಿಸಿ, ಓದಲು ಬಂದಷ್ಟು ಓದಿ ಹೇಳುತ್ತೇನೆ. ಪುಸ್ತಕ ಅಚ್ಚಿಗೆ ಹೋಗುವುದು ಹದಿನೈದು ದಿನ ತಡವಾದರೂ ಪರವಾಗಿಲ್ಲ, ಆ ಕಲ್ಲಿಗೆ ಒಂದು ಪುಟ ಖಾಲಿ ಇಟ್ಟುಕೊಳ್ಳಿ.